ನಲವತ್ತು ಮನೆಯ ಮುಖ

ಟಾಂಗಾಕೂಟದ ಹಿಂದಿನ ಓಣಿಯಲ್ಲಿ ನಮ್ಮ ಅಂಗಡಿ.
ಲಗ್ನಪತ್ರಿಕೆ, ಬಿಲ್‌ಬುಕ್ಕು, ಫ್ಲೆಕ್ಸು.
ಮಟಮಟ ಮಧ್ಯಾಹ್ನ ಬೆಟಗೇರಿಯಿಂದ ಬಂದ ಅಂದಾನಪ್ಪ
ಫೋನು ಮುಂದಿಟ್ಟು
ಹಿಂದಿನ ಸಾಲಿನ ತುದಿಗೆ ಬೆರಳೂರಿದ:
"ಈಕಿ ಹುಲಿಗೆವ್ವ. ಮೂವತ್ತೊಂದು ವರ್ಷ
ನಮ್ಮ ಮಗ್ಗಕ್ಕ ಕಂಡಿಕಿ ಸುತ್ತಿದಾಕಿ.
ಈಕಿದಷ್ಟ ತಗೀರಿ. ಎರಡು ಫೂಟು ಅಗಲ.
ಸೊಸೈಟಿ ಗ್ವಾಡಿಗೆ ಹಾಕೋದೈತಿ.
ಫೋಟೋ ಅಂತ ಆಕಿದು ಇರೋದು ಇದೊಂದ."

ಇಪ್ಪತ್ತಾರು ಮಂದಿಯ ಗುಂಪು.
ಯಾರೋ ಯಾರಿಗೋ ಕಳಿಸಿ, ಅವರು ಇನ್ನಾರಿಗೋ ಕಳಿಸಿ
ಕೈಯಿಂದ ಕೈಗೆ ಸವೆದ ನಾಣ್ಯದಂಥ ಚಿತ್ರ.
ಮುಖದ ಸುತ್ತ ಗೆರೆ ಕೊರೆದು ಎಣಿಸಿದೆ:
ಅಡ್ಡ ನಲವತ್ತು ಚುಕ್ಕಿ, ಉದ್ದ ಐವತ್ತೆರಡು.
ಅಷ್ಟೇ ಹುಲಿಗೆವ್ವ.

ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ
ಇಂಚಿಗೆ ಮುನ್ನೂರು ಚುಕ್ಕಿ ಬೇಕು, ಅಂದೆ.
ಆ ಲೆಕ್ಕಕ್ಕೆ ಇವರ ಮುಖ ಜೋಳದ ಕಾಳಿನಷ್ಟು.
ಎರಡು ಫೂಟಿಗೆ ಎಳೆದರೆ
ಒಂದೊಂದು ಚುಕ್ಕಿ ಕೋಟಿನ ಗುಂಡಿಯಷ್ಟು.

"ಅಂದ್ರ ಫಣಿ ಲೆಕ್ಕ," ಅಂದ.
"ಇಂಚಿಗೆ ಎಷ್ಟು ಎಳಿ ಅನ್ನೋದು.
ಇದ್ದ ಎಳೀನ ಹರವಿ ಪನ್ನಾ ಹೆಚ್ಚು ಮಾಡಿದ್ರ
ಅದು ಸೀರಿ ಅಲ್ಲ, ಸಾಣಿಗಿ."

ಆದರೂ ಬಿಡಲಿಲ್ಲ.
"ನನ್ನ ಮೊಮ್ಮಗ ಇದನ್ನ ದೊಡ್ಡದು ಮಾಡ್ಯಾನಲ್ರೀ.
ಮೊದಲ ತೊಂಬತ್ತು ಕೆಬಿ ಇತ್ತಂತ, ಈಗ ಹದಿನೆಂಟು ಎಂಬಿ."
ತೂಕ ಹೆಚ್ಚಿದೆ, ಒಳಗೆ ಹೊಸತೇನೂ ಬಂದಿಲ್ಲ,
ಹೇಗೆಂದರೆ... ಎಂದು ನಾನು ಉಪಮೆ ಹುಡುಕುವಾಗ
"ಗಂಜಿ," ಅಂದ ಅಂದಾನಪ್ಪ.
"ತಕ್ಕಡ್ಯಾಗ ಭಾರ. ಒಂದು ನೀರಿಗೆ ಹಾಕ್ರಿ, ಹೋತು."

ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಹೇಳಿ ಹೇಳಿ
ನನ್ನ ಗಂಟಲು ಒಣಗಿದ್ದು ಇಷ್ಟಕ್ಕೇನಾ.

ಎಪ್ಪತ್ತೆರಡಿದ್ದ ಅಂಕಿಯನ್ನು ಮುನ್ನೂರು ಮಾಡಿ ತೋರಿಸಿದೆ.
ಪರದೆಯ ಮೇಲೆ ಮುಖ ಮಿಸುಕಲಿಲ್ಲ;
ಕಾಗದದ ಅಳತೆ ಮಾತ್ರ ಕುಗ್ಗಿತು.

ಮತ್ತೆ ಹೊಸ ಸಾಫ್ಟ್‌ವೇರಿನ ಗುಂಡಿ ಒತ್ತಿದೆ.
ಎಣಿಸುವುದರೊಳಗೆ ಅದು
ರೆಪ್ಪೆ ಕೂದಲು ಕೊಟ್ಟಿತು, ನುಣ್ಣನೆ ಗಲ್ಲ ಕೊಟ್ಟಿತು,
ಮೇಲೊಂದು ಸಾಲು ಹಲ್ಲು.
"ಯಾರ್ರೀ ಈ ಬಾಯಾರು?" ಅಂದ.
"ಹುಲಿಗೆವ್ವಗ ಮುಂದಿನ ಹಲ್ಲು ಇರಲಿಲ್ಲ."

ಹಿಂದಕ್ಕೆ ತಂದೆ. ಕರೆಂಟು ಹೋಗಿ ಬಂತು.
ಅಪ್ಪ ಬ್ಲಾಕು ನೋಡುತ್ತಿದ್ದ ಭೂತಗನ್ನಡಿ
ಮೇಜಿನ ಖಾನೆಯಲ್ಲಿ ಈಗಲೂ ಉರುಳಾಡುತ್ತದೆ.
ಅದರಲ್ಲಿ ಇಣುಕಿದರೆ ಮಂತ್ರಿಯ ಮೀಸೆಯೂ ಚುಕ್ಕಿ, ಮದುಮಗಳ ತುಟಿಯೂ ಚುಕ್ಕಿ;
ಹತ್ತಿರ ಹೋದಷ್ಟೂ ಯಾರೂ ಇರುವುದಿಲ್ಲ.

ಮೂಗಿನ ಪಕ್ಕ ಒಂದೇ ಒಂದು ಬಿಳಿ ಚುಕ್ಕಿ,
ಸುತ್ತಲಿನ ಯಾವ ಬಣ್ಣಕ್ಕೂ ಹೊಂದದ್ದು.
ಕಸ ಎಂದುಕೊಂಡು ಒರೆಸಲು ಹೋದೆ.
ಮುದುಕ ನನ್ನ ಮಣಿಕಟ್ಟು ಹಿಡಿದ.
"ಮೂಗುಬಟ್ಟು ಅದು."

ಆಮೇಲೆ ತಾನೇ ಕುರ್ಚಿ ಎಳೆದು ಕೂತ.
"ಹಂಗ ಇರಲಿ, ನುಣ್ಣಗ ಮಾಡಬ್ಯಾಡ್ರಿ.
ಮನಿ ಮನಿ ಕಾಣೋಹಂಗ ತಗೀರಿ. ಬಣ್ಣ ಏಳಕ್ಕ ಇಳಸ್ರಿ.
ನಕ್ಷಾ ಹಾಳ್ಯಾಗ ನಾವು ಬರಿಯೋದೂ ಹಿಂಗ ಅಲ್ಲೇನು?
ಒಂದು ಮನಿಗೆ ಹನ್ನೆರಡು ಎಳಿ ಹಿಡಿತೀನಿ."

ಇರುವುದರಲ್ಲಿ ದೊಡ್ಡ ಹಾಳೆಗೆ ತೆಗೆದೆ.
ಎರಡು ಸಾವಿರದ ಎಂಬತ್ತು ಮನೆ,
ಇಳಕಲ್ ಕೆಂಪು, ಬೂದಿ, ಕಾಡಿಗೆ.
"ಹಿಡ್ಕೊಂಡು ನಿಲ್ರಿ," ಎಂದು ರಸ್ತೆ ದಾಟಿದ.
ಟಂಟಂ ಒಂದು ಹಾದುಹೋಯಿತು, ಇನ್ನೊಂದು.
ಸೋಡಾ ಅಂಗಡಿಯ ನೆರಳಲ್ಲಿ ನಿಂತು
ಕಣ್ಣು ಕಿರಿದು ಮಾಡಿ ನೋಡಿದ. ಬಹಳ ಹೊತ್ತು.
ನನಗೆ ಹಾಳೆಯ ಬೆನ್ನು ಮಾತ್ರ ಕಾಣುತ್ತಿತ್ತು.

ಮರಳಿ ಬಂದು ಸುರುಳಿ ಸುತ್ತಿದ, ಮೂವತ್ತು ರೂಪಾಯಿ ಇಟ್ಟ.
"ಆ ಬಿಳೇ ಮನಿಗೆ ಜರಿ ಹಾಕ್ತೀನಿ,"
ಅಂದಷ್ಟೇ ಅಂದ.

ಫೈಲು ಇನ್ನೂ ನನ್ನಲ್ಲಿದೆ.
ಹುಲಿಗೆವ್ವ ಫೈನಲ್ ಎರಡು.
ಆರು ಕೆಬಿ.